ಗೀಟು ಎಳೆದ ಎರಡಕ್ಕೆ ಏನರ್ಥ ಸ್ವಾಮೀ?

(ವೈದ್ಯಕೀಯ ಸಲಕರಣೆಗಳ ಪೊಟ್ಟಣದ ಮೇಲೆ ಏನು ಅಚ್ಚಾಗಬೇಕೆಂದು ದೆಹಲಿಯಲ್ಲಿ ಕುಳಿತು ತೀರ್ಮಾನಿಸುವ ಮಹನೀಯರಿಗೆ ಒಂದು ಬಹಿರಂಗ ಪತ್ರ)

ಮಾನ್ಯರೇ,

ಪಂಪ್‌ವೆಲ್‌ನಿಂದ ಬರೆಯುತ್ತಿದ್ದೇನೆ. ಮಧ್ಯಾಹ್ನದ ಊಟ ಇನ್ನೂ ಆಗಿಲ್ಲ. ಒಂದು ಕೈಯಲ್ಲಿ ಚೀಟಿ, ಇನ್ನೊಂದರಲ್ಲಿ ತೊಟ್ಟೆ. ತೊಟ್ಟೆಯೊಳಗೆ, "ಒಮ್ಮೆ ಹೊರಗೆ ಹೋದದ್ದು ವಾಪಸ್ ಇಲ್ಲ" ಎಂದು ಮೆಡಿಕಲ್‌ನವರು ತಳ್ಳಿದ ಸಾಮಾನು. ಹಸಿದವನ ಸಭ್ಯತೆ ಎಷ್ಟು ಸಾಲಿನ ತನಕ ಉಳಿಯುತ್ತದೋ ಹೇಳಲಾರೆ. ಉಳಿದಷ್ಟು ಹೊತ್ತು ಮಾನ್ಯರೇ ಎಂದೇ ಕರೆಯುತ್ತೇನೆ.

ನಿಮಗೆ ಪಂಪ್‌ವೆಲ್ ಗೊತ್ತಿರಲಿಕ್ಕಿಲ್ಲ. ಎರಡು ರಾಷ್ಟ್ರೀಯ ಹೆದ್ದಾರಿಗಳು ಒಂದನ್ನೊಂದು ಕೂಡುವ ಜಾಗ. ಕಾಸರಗೋಡು, ಪುತ್ತೂರು, ಸುಳ್ಯ, ಬೆಳ್ತಂಗಡಿ ಕಡೆಯಿಂದ ಕಾಯಿಲೆ ಹೊತ್ತು ಬರುವವರಲ್ಲಿ ಎಷ್ಟೋ ಮಂದಿ ಇಳಿಯುವುದು ಇಲ್ಲೇ. ಇಲ್ಲಿಂದ ಕಂಕನಾಡಿ ಕಡೆಗೆ ನಡೆದರೆ ಆಸ್ಪತ್ರೆ, ಲ್ಯಾಬು, ಮೆಡಿಕಲ್ಲು, ಮತ್ತೆ ಆಸ್ಪತ್ರೆ. ತಲೆಯ ಮೇಲೆ ಒಂದು ಫ್ಲೈಓವರ್ ಉಂಟು. ಸುಮಾರು ಹತ್ತು ವರ್ಷ ಕಾಯಿಸಿ, ಜನರ ನಗೆಪಾಟಲಿಗೆ ಧಾರಾಳ ಸರಕು ಒದಗಿಸಿ, 2020ರ ಜನವರಿ 31ರಂದು ಉದ್ಘಾಟನೆಯಾಯಿತು. ಕಾಯುವ ವಿದ್ಯೆಯಲ್ಲಿ ನಮ್ಮನ್ನು ಮೀರಿಸುವವರು ದೇಶದಲ್ಲೇ ಕಡಿಮೆ. ಆದ್ದರಿಂದ ಇದು ಯಾವನೋ ಅವಸರಗೇಡಿಯ ದೂರು ಎಂದು ಬದಿಗಿಡಬೇಡಿ.

ವಿಷಯ ಇಷ್ಟೆ. ನಿನ್ನೆ ಮಾವನಿಗೆ ಡಿಸ್ಚಾರ್ಜ್ ಆಯಿತು. ಆಸ್ಪತ್ರೆಯ ಹೆಸರು ಬೇಡ, ಬಿಲ್ಲು ಕಟ್ಟಿಯಾಗಿದೆ, ಅಲ್ಲಿಗೆ ಲೆಕ್ಕ ಚುಕ್ತಾ. "ಪೇಷೆಂಟ್ ಕಡೆಯವರು ಯಾರು?" ಎಂದು ಸಿಸ್ಟರ್ ಕರೆದಾಗ ಎದ್ದು ನಿಂತವನು ನಾನು. ಅವರು ಚೀಟಿ ಕೊಟ್ಟು "ಎಲ್ಲ ಇದ್ರಲ್ಲೇ ಬರ್ದುಂಟು" ಅಂದರು. ಹೌದು, ಬರೆದುಂಟು. ಫೋಲೀಸ್ ಕ್ಯಾತಿಟರ್ 16 ಎಫ್‌ಆರ್. ಯೂರೋಬ್ಯಾಗ್. ನೀಡಲ್ 26 ಜಿ. ಮೈಕ್ರೋಪೋರ್. ಇನ್ಸುಲಿನ್ ಸಿರಿಂಜ್. ವೈದ್ಯರು ಮದ್ದಿನ ಹೆಸರನ್ನು ಅರ್ಥವಾಗುವಂತೆ, ಆದಷ್ಟು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ನಿಯಮ ತಿದ್ದಿತ್ತು. ನಮ್ಮ ಡಾಕ್ಟರು ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಾರೆ. ಅಕ್ಷರಗಳೆಲ್ಲ ದೊಡ್ಡವಾಗಿವೆ. ಸಣ್ಣವನಾದದ್ದು ಓದುವವನು ಮಾತ್ರ.

ಚೀಟಿ ಹಿಡಿದು ಮೆಡಿಕಲ್‌ನ ಎದುರು ನಿಂತೆ. ಅಲ್ಲಿ ನನಗೆ ಸಿಕ್ಕ ಜ್ಞಾನವನ್ನು ನಿಮ್ಮೊಂದಿಗೂ ಹಂಚಿಕೊಳ್ಳುತ್ತೇನೆ, ನಿಮ್ಮ ಮನೆಯಲ್ಲೂ ಮಾವಂದಿರು ಇರಬಹುದು. ಕ್ಯಾತಿಟರ್ ಎಂಬ ಮೂತ್ರದ ಪೈಪಿನ ಮೇಲೆ ಬರೆದ ಅಂಕಿ ಹೆಚ್ಚಾದಷ್ಟೂ ಪೈಪು ದಪ್ಪ. ಮೂರು ಎಫ್‌ಆರ್ ಅಂದರೆ ಒಂದು ಮಿಲಿಮೀಟರ್, ಹದಿನಾರು ಅಂದರೆ ಐದೂ ಕಾಲು ಮಿಲಿಮೀಟರ್ ಚಿಲ್ಲರೆ. ಸೂಜಿಯ ಮೇಲಿನ ಅಂಕಿ ಹೆಚ್ಚಾದಷ್ಟೂ ಸೂಜಿ ಸಪೂರ. ಒಂದೇ ಮನುಷ್ಯನ ಮೈಯಲ್ಲಿ ಕೆಳಗೆ ಅಂಕಿ ಏರಿದರೆ ದಪ್ಪ, ತೋಳಿನಲ್ಲಿ ಅಂಕಿ ಏರಿದರೆ ಸಪೂರ! ಬಣ್ಣ ನೋಡಿ ಗುರುತಿಡೋಣ ಎಂದರೆ ಅಲ್ಲೂ ಅದೇ ಕತೆ. ಡ್ರಿಪ್ಪಿನ ಕ್ಯಾನುಲಾದಲ್ಲಿ ಹಸಿರು ಅಂದರೆ 18, ಮೂತ್ರದ ಪೈಪಿನಲ್ಲಿ ಹಸಿರು ಅಂದರೆ 14. ಅಲ್ಲಿ ಕಿತ್ತಳೆ 14, ಇಲ್ಲಿ ಕಿತ್ತಳೆ 16. ಪೈಪಿನ ಅಳತೆ ಹತ್ತೊಂಬತ್ತನೇ ಶತಮಾನದ ಪ್ಯಾರಿಸ್‌ನಲ್ಲಿ ಸಲಕರಣೆ ಮಾಡುತ್ತಿದ್ದ ಶಾರಿಯೇರ್ ಎಂಬಾತನದ್ದು. ಸೂಜಿಯ ಅಳತೆ ಇಂಗ್ಲೆಂಡಿನಲ್ಲಿ ತಂತಿ ಎಳೆಯುತ್ತಿದ್ದವರದ್ದು. ನಮ್ಮ ಮಾವ ತಂತಿಯೂ ಅಲ್ಲ, ಪ್ಯಾರಿಸ್ಸಿಗೆ ಹೋದವರೂ ಅಲ್ಲ. ಅವರು ಬಂಟ್ವಾಳದವರು.

ಇನ್ನು ಚಿತ್ರಗಳು. ಓದಲು ಬಾರದವರಿಗೆಂದು ನೀವು ಪೊಟ್ಟಣದ ಮೇಲೆ ಚಿತ್ರ ಹಾಕಿಸಿದ್ದೀರಿ, ನಿಮ್ಮ ಕರುಣೆ ದೊಡ್ಡದು. ಒಂದು ವೃತ್ತ, ಒಳಗೆ ಎರಡು ಎಂಬ ಅಂಕಿ, ಅದರ ಮೇಲೊಂದು ಅಡ್ಡಗೀಟು. ಕ್ಯೂನಲ್ಲಿ ನನ್ನ ಹಿಂದೆ ವಿಟ್ಲ ಕಡೆಯ ಒಬ್ಬರು ಹಿರಿಯರು ನಿಂತಿದ್ದರು. ಕನ್ನಡಕ ಏರಿಸಿ ನೋಡಿ, "ಒಬ್ಬನಿಗೆ ಎರಡು ಕೊಡ್ಬಾರ್ದು ಅಂತ ಕಾಣ್ತದೆ, ರೇಷನಿನ ಹಾಗೆ" ಅಂದರು. ಅಂಗಡಿಯ ಹುಡುಗ ನಕ್ಕು, "ಅಲ್ಲ ಅಜ್ಜ, ಒಮ್ಮೆ ಬಳಸಿದ್ದನ್ನು ಮತ್ತೊಮ್ಮೆ ಬಳಸ್ಬಾರ್ದು ಅಂತ" ಎಂದು ತಿಳಿಸಿದ. ಪಕ್ಕದಲ್ಲಿ ಮರಳು ಗಡಿಯಾರ, ಅಂದರೆ ಅವಧಿ ಮುಗಿಯುವ ತಾರೀಕು. ಅದರ ಪಕ್ಕ ಕೊಡೆ, ಅಂದರೆ ಒದ್ದೆಯಾಗದಂತೆ ಇಡಿ. ಜೋರು ಮಳೆಗೆ ರಸ್ತೆಯೇ ತೋಡಾಗುವ ಪಂಪ್‌ವೆಲ್‌ನವರಿಗೆ ಕೊಡೆಯ ಉಪಯೋಗ ಹೇಳಿಕೊಡಲು ದೆಹಲಿಯೇ ಬೇಕಾಯಿತು. ಕೊಡೆ ಬಿಡಿ, ನಮಗೆ ಗೊತ್ತುಂಟು. ಆ ಗೀಟು ಎಳೆದ ಎರಡಕ್ಕೆ ಕೆಳಗೊಂದು ಸಾಲು ಕನ್ನಡ ಬರೆಸಲಿಕ್ಕೆ ನಿಮಗೇನು ತೊಂದರೆ?

ಇಷ್ಟು ಓದಿದ ಕೂಡಲೇ ನಿಮ್ಮಲ್ಲೊಬ್ಬರು ಸಮಿತಿ ರಚಿಸಲು ಹೊರಡುತ್ತೀರಿ. ದಯವಿಟ್ಟು ಬೇಡ. ಕ್ಯಾತಿಟರ್‌ಗೆ ಬಾಯಿಗೆ ಹಿಡಿಯದ ಸಂಸ್ಕೃತದ ಹೆಸರು ಹುಡುಕಿ ಕೊಡಿ ಎಂದು ನಾನು ಕೇಳುತ್ತಿಲ್ಲ. ಹೆಸರುಗಳು ನಮಗೆ ಯಾವತ್ತೂ ಭಾರವಾಗಿಲ್ಲ. 2021ರ ಏಪ್ರಿಲ್, ಮೇ ತಿಂಗಳಲ್ಲಿ ಆಕ್ಸಿಮೀಟರ್, ಕಾನ್ಸಂಟ್ರೇಟರ್, ಎನ್95 ಎಂಬ ಮಾತುಗಳನ್ನು ಊರಿನ ಅಜ್ಜಿಯಂದಿರೂ ಕಲಿತರು, 94ಕ್ಕಿಂತ ಕೆಳಗೆ ಬಂದರೆ ಫೋನ್ ಮಾಡಬೇಕೆಂದೂ ಕಲಿತರು. ರೈಲ್ಸ್ ಟ್ಯೂಬ್ ಎಂದಾಗ ನನ್ನ ಭಾವ ಮಂಗಳೂರು ಜಂಕ್ಷನ್ ಇರುವ ಪಡೀಲಿನ ಕಡೆ ನೋಡಿದ್ದು ನಿಜ. ಆದರೆ ಅದು ಜಾನ್ ರೈಲ್ ಎಂಬ ಇಂಗ್ಲಿಷ್ ಡಾಕ್ಟರ ಹೆಸರಿನ ಮೂಗಿನ ಪೈಪು ಎಂದು ತಿಳಿದ ಮೇಲೆ ಅವನೂ ಸರಿಯಾಗಿಯೇ ಹೇಳುತ್ತಾನೆ. ಹೆಸರು ಇಂಗ್ಲಿಷೇ ಇರಲಿ, ಅಕ್ಷರ ಕನ್ನಡದ್ದಾಗಲಿ. ಎಷ್ಟು ದಪ್ಪ, ಹೇಗೆ ಬಳಸಬೇಕು, ಏನು ಮಾಡಿದರೆ ಅಪಾಯ ಎಂಬ ನಾಲ್ಕು ಸಾಲು ಕನ್ನಡದಲ್ಲಿರಲಿ. ನನ್ನ ಬೇಡಿಕೆ ಅಷ್ಟೇ.

ಆ ನಾಲ್ಕು ಸಾಲಿನ ಲಾಭ ಬರೀ ಕನ್ನಡ ಮನೆಮಾತಿನವರಿಗಲ್ಲ. ಇಲ್ಲಿ ಕೌಂಟರಿನ ಹುಡುಗ ಒಬ್ಬರಿಗೆ ತುಳುವಿನಲ್ಲಿ, ಇನ್ನೊಬ್ಬರಿಗೆ ಬ್ಯಾರಿಯಲ್ಲಿ, ಮತ್ತೊಬ್ಬರಿಗೆ ಕೊಂಕಣಿಯಲ್ಲಿ ಉತ್ತರ ಕೊಡುತ್ತಾನೆ, ಗಡಿಯಾಚೆಯವರು ಬಂದರೆ ಮಲಯಾಳವೂ ಬರುತ್ತದೆ. ಇವರಲ್ಲಿ ಹೆಚ್ಚಿನವರು ಶಾಲೆಯಲ್ಲಿ ಕಲಿತದ್ದು ಕನ್ನಡ ಅಕ್ಷರ. ಒಂದೇ ಲಿಪಿಯಲ್ಲಿ ಬರೆದರೆ ನಾಲ್ಕು ಮನೆಮಾತಿನವರು ಓದಿಕೊಳ್ಳುತ್ತಾರೆ. ಇಷ್ಟು ಅಗ್ಗದ ವ್ಯವಹಾರ ನಿಮಗೆ ಇನ್ನೆಲ್ಲಿ ಸಿಗುತ್ತದೆ? ಅಂಗಡಿಯ ಬೋರ್ಡಿನಲ್ಲಿ ಶೇ 60 ಕನ್ನಡ ಇರಬೇಕೆಂದು ರಾಜ್ಯ ಸರ್ಕಾರ 2024ರಲ್ಲಿ ಕಾನೂನು ಮಾಡಿತು. ಬೋರ್ಡು ಓದಿ ಒಳಗೆ ಹೋದವನಿಗೆ ಕಪಾಟಿನಲ್ಲಿ ಸಿಗುವ ಕನ್ನಡ ಸೊನ್ನೆ.

ಕಾನೂನು ಅಂದೆ, ನಿಮ್ಮದನ್ನೂ ನೋಡೋಣ. ಪೊಟ್ಟಣದ ಸರಕಿಗೆ 2011ರ ಕಾನೂನು ಮಾಪನ ನಿಯಮಗಳಿವೆ. ವಿವರಗಳು ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರಲೇಬೇಕು, ಅದರ ಜೊತೆಗೆ ಬೇರೆ ಭಾಷೆ ಸೇರಿಸಿದರೆ ಅಡ್ಡಿಯಿಲ್ಲ ಎನ್ನುತ್ತವೆ. ಅಡ್ಡಿಯಿಲ್ಲ! ಎಂಥ ದೊಡ್ಡ ಮನಸ್ಸು. ಅಡ್ಡಿಯಿಲ್ಲ ಎಂದ ಮಾತ್ರಕ್ಕೆ ಶಾಯಿ ಖರ್ಚು ಮಾಡುವ ಕಂಪನಿ ನಾನಂತೂ ಕಂಡಿಲ್ಲ. ನಿಮ್ಮ ವೈದ್ಯಕೀಯ ಸಾಧನಗಳ ನಿಯಮಗಳು ಹೊರಬಿದ್ದದ್ದು 2017ರ ಜನವರಿ 31ರಂದು. ನಮ್ಮ ಫ್ಲೈಓವರಿನ ತಾರೀಕೂ ಅದೇ, ಗ್ರಹಚಾರ ನೋಡಿ. ಅದೇ ವರ್ಷ ಐರೋಪ್ಯ ಒಕ್ಕೂಟವೂ ಸಾಧನಗಳ ಕಾನೂನು ಮಾಡಿತು. ಸರಕು ಯಾವ ದೇಶದಲ್ಲಿ ಮಾರಾಟವಾಗುತ್ತದೋ ಆ ದೇಶ ಹೇಳಿದ ಭಾಷೆಯಲ್ಲಿ ಮಾಹಿತಿ ಕೊಡಬೇಕೆಂದು ಅಲ್ಲಿ ಬರೆದರು. ಎಸ್ಟೋನಿಯಾದ ಒಟ್ಟು ಜನಸಂಖ್ಯೆ ಹದಿಮೂರು ಲಕ್ಷದ ಆಸುಪಾಸು. 2011ರ ಜನಗಣತಿಯಂತೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯೊಂದರಲ್ಲೇ ಇಪ್ಪತ್ತು ಲಕ್ಷ ದಾಟಿದೆ. ಅವರ ಭಾಷೆಗೆ ಕಾನೂನು, ನಮ್ಮ ಭಾಷೆಗೆ ಅಡ್ಡಿಯಿಲ್ಲ.

ಮಾನ್ಯರೇ, ಇನ್ನು ನಗೆ ಸಾಕು. ಪೈಪಿನ ದಪ್ಪ ತಪ್ಪಿದರೆ ನೋವು, ಕೊಡೆಯ ಚಿತ್ರ ತಿಳಿಯದಿದ್ದರೆ ನಷ್ಟ. ಇನ್ಸುಲಿನ್ ಸಿರಿಂಜ್ ತಪ್ಪಿದರೆ ಜೀವವೇ ಹೋಗಬಹುದು.

ನಮ್ಮ ದೇಶದಲ್ಲಿ ಬಾಟ್ಲಿಯ ಇನ್ಸುಲಿನ್ ಮುಖ್ಯವಾಗಿ ಎರಡು ಹದದಲ್ಲಿ ಸಿಗುತ್ತದೆ. ಒಂದು ಮಿಲಿಲೀಟರಿನಲ್ಲಿ 40 ಯೂನಿಟ್ ಇರುವುದು ಒಂದು, 100 ಯೂನಿಟ್ ಇರುವುದು ಇನ್ನೊಂದು. ಸಿರಿಂಜಿನಲ್ಲೂ ಹಾಗೆಯೇ ಎರಡು ಬಗೆ. ನಲವತ್ತರದ್ದಕ್ಕೆ ಕೆಂಪು ಕ್ಯಾಪು, ನೂರರದ್ದಕ್ಕೆ ಕಿತ್ತಳೆ. ಕೆಂಪು, ಕಿತ್ತಳೆ! ಎಪ್ಪತ್ತು ದಾಟಿದ ಕಣ್ಣಿಗೆ, ಟ್ಯೂಬ್‌ಲೈಟಿನ ಬೆಳಕಿನಲ್ಲಿ, ಇವೆರಡು ಬೇರೆ ಬಣ್ಣ ಎಂದು ಯಾವ ಪುಣ್ಯಾತ್ಮ ತೀರ್ಮಾನಿಸಿದನೋ. ನಿನ್ನೆ ನಮಗೆ ಚೀಟಿಯಂತೆ ಕೊಟ್ಟ ಬಾಟ್ಲಿ ನಲವತ್ತರದ್ದು. ಚೀಟಿಯಲ್ಲಿ ಸಿರಿಂಜಿನ ಮುಂದೆ ಅಂಕಿ ಇರಲಿಲ್ಲ, ಅಂಗಡಿಯವರು ಕೈಗೆ ಸಿಕ್ಕಿದ್ದನ್ನು ಕೊಟ್ಟರು. ಸಂಜೆ ನೆರೆಮನೆಯ ಬಾಯಮ್ಮ ಬಂದರು, ಗಲ್ಫಿನಲ್ಲಿ ನರ್ಸ್ ಆಗಿ ಕೆಲಸ ಮಾಡಿದವರು. ಪೊಟ್ಟಣ ಒಡೆಯುವ ಮೊದಲೇ ತಡೆದು, "ಇದು ನೂರರ ಸಿರಿಂಜ್ ಅಲ್ವಾ ಮಾರಾಯ್ರೆ, ನಿಮ್ಮ ಬಾಟ್ಲಿ ನಲ್ವತ್ತರದ್ದು!" ಎಂದು ಕೂಗಿದರು. ಮಾವನಿಗೆ ಬರೆದದ್ದು 20 ಯೂನಿಟ್. ಆ ಸಿರಿಂಜಿನಲ್ಲಿ ಇಪ್ಪತ್ತರ ಗೀಟಿನ ತನಕ ಎಳೆದಿದ್ದರೆ ಒಳಗೆ ಹೋಗುತ್ತಿದ್ದದ್ದು ಎಂಟೇ ಯೂನಿಟ್. ಇದನ್ನೇ ಉಲ್ಟಾ ಮಾಡಿ. ಬಾಟ್ಲಿ ನೂರರದ್ದು, ಸಿರಿಂಜ್ ನಲವತ್ತರದ್ದು ಆದರೆ ಇಪ್ಪತ್ತರ ಬದಲು ಐವತ್ತು ಯೂನಿಟ್ ಹೋಗುತ್ತದೆ. ಸಕ್ಕರೆ ಕುಸಿದು ರಾತ್ರಿ ನಿದ್ದೆಯಲ್ಲೇ ಪ್ರಜ್ಞೆ ತಪ್ಪಬಹುದು, ಬೆಳಗ್ಗೆ ಏಳದೆಯೂ ಇರಬಹುದು.

ಆ ಪೊಟ್ಟಣದ ಮೇಲೆ ಎಚ್ಚರಿಕೆ ಇತ್ತು. ನೂರರ ಇನ್ಸುಲಿನ್‌ಗೆ ಮಾತ್ರ ಎಂದು ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಪಕ್ಕದಲ್ಲಿ ದೊಡ್ಡದಾಗಿ ಗೀಟು ಎಳೆದ ಎರಡು. ಸತ್ತ ಮೇಲೆ ಎರಡನೇ ಸಲ ಬಳಸುವವರು ಯಾರು ಮಾರಾಯ್ರೆ?

ಬ್ರಿಟನ್‌ನವರು 1983ರಲ್ಲೇ ಎಲ್ಲ ಇನ್ಸುಲಿನ್ನನ್ನೂ ನೂರರ ಹದಕ್ಕೆ ತಂದು ಈ ಗೊಂದಲದ ಬೇರು ಕಿತ್ತರು. ನಾವು ಎರಡನ್ನೂ ಇಟ್ಟುಕೊಂಡಿದ್ದೇವೆ, ಇರಲಿ, ನಲವತ್ತರದ್ದು ಬಡವರ ಕೈಗೆ ಎಟುಕುತ್ತದೆ ಎನ್ನುತ್ತೀರಿ. ಆ ಬಡವ ಓದುವ ಭಾಷೆಯಲ್ಲಿ ಒಂದು ಸಾಲು ಹಾಕಿಸಲಿಕ್ಕೆ ಏನು ಧಾಡಿ? 2020ರ ಏಪ್ರಿಲ್ ಒಂದರಿಂದ ಎಲ್ಲ ವೈದ್ಯಕೀಯ ಸಾಧನಗಳೂ ಕಾನೂನಿನ ಕಣ್ಣಿನಲ್ಲಿ ಔಷಧವೇ ಎಂದು ಸಾರಿದವರು ನೀವು. ಔಷಧವಾದ ಮೇಲೆ ಬಳಸುವ ಕ್ರಮವನ್ನು ರೋಗಿಗೆ ತಿಳಿಸುವುದು ಯಾರ ಕೆಲಸ? ಪ್ರತಿ ಮನೆಯ ಪಕ್ಕದಲ್ಲೂ ಒಬ್ಬ ಬಾಯಮ್ಮನನ್ನು ನೇಮಿಸುವ ಯೋಜನೆ ನಿಮ್ಮ ಬಳಿ ಇದೆಯೆ?

ಇವತ್ತು ಆ ಸಿರಿಂಜನ್ನು ಬದಲಿಸಲು ಬಂದು ಹೊತ್ತು ಕಳೆಯಿತು. ಒಂದು ಕಡೆ ವಾಪಸ್ ಇಲ್ಲ, ಇನ್ನೊಂದು ಕಡೆ ಕೆಂಪು ಕ್ಯಾಪಿನದು ಖಾಲಿ, ಮತ್ತೊಂದು ಕಡೆ "ಎರಡೂ ಒಂದೇ ಸಾರ್, ಹಾಕಿ" ಎಂಬ ಧೈರ್ಯ. ಆ ಮೂರನೆಯ ಅಂಗಡಿಯ ಧೈರ್ಯ ಕೇಳಿದ ಮೇಲೆಯೇ ಈ ಪತ್ರ ಬರೆಯಲು ಕೂತದ್ದು.

ನನ್ನ ಬೇಡಿಕೆಯನ್ನು ಕಡಿಮೆ ಮಾಡಿಕೊಂಡಿದ್ದೇನೆ. ಪೈಪು, ಸೂಜಿ, ಕೊಡೆ, ಮರಳು ಗಡಿಯಾರ ಎಲ್ಲ ಆಮೇಲೆ ನೋಡಿಕೊಳ್ಳಿ, ನಾವು ಕಾಯುತ್ತೇವೆ, ಅಭ್ಯಾಸವುಂಟು. ಮನೆಯಲ್ಲಿ ಬಳಸುವ ಇನ್ಸುಲಿನ್ ಸಿರಿಂಜಿನ ಪೊಟ್ಟಣದ ಮೇಲೆ, ಮಾರಾಟವಾಗುವ ರಾಜ್ಯದ ಭಾಷೆಯಲ್ಲಿ, ದೊಡ್ಡ ಅಕ್ಷರದ ಒಂದು ಸಾಲನ್ನು ಕಡ್ಡಾಯ ಮಾಡಿ. ನಿಯಮದಲ್ಲಿ 'ಅಡ್ಡಿಯಿಲ್ಲ' ಇದ್ದಲ್ಲಿ 'ಬೇಕು' ಎಂದು ತಿದ್ದಿದರೆ ಸಾಕು.

ಅವರು ತಿದ್ದುವ ತನಕ, ಓದುಗರೇ, ಇಷ್ಟನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಳ್ಳಿ: ಬಾಟ್ಲಿಯ ಮೇಲೆ 40 ಎಂದಿದ್ದರೆ ಸಿರಿಂಜಿನ ಮೇಲೂ 40 ಇರಬೇಕು, ಕ್ಯಾಪು ಕೆಂಪು. ಬಾಟ್ಲಿಯ ಮೇಲೆ 100 ಎಂದಿದ್ದರೆ ಸಿರಿಂಜಿನ ಮೇಲೂ 100 ಇರಬೇಕು, ಕ್ಯಾಪು ಕಿತ್ತಳೆ. ಬಣ್ಣವನ್ನು ನಂಬಬೇಡಿ, ಅಂಕಿಯನ್ನು ನೋಡಿ. ಎರಡೂ ಒಂದೇ ಎಂದವರ ಅಂಗಡಿಯಿಂದ ಎದ್ದು ಬನ್ನಿ.

ಇಂತಿ,
ಪೇಷೆಂಟ್ ಕಡೆಯವ,
ಪಂಪ್‌ವೆಲ್, ಮಂಗಳೂರು