ಎರಡು ಪಿನ್ನು, ಎರಡು ಸೇರು ಜೋಳ

ಸದರಿ ಆಸಾಮಿಯ ಹೆಸರನ್ನು ಇಲ್ಲಿ ಬರೆಯುವಂತಿಲ್ಲ. ಸಂಪಾದಕರು ಮರೆಯದಿದ್ದರೆ ಅದು ಈ ಲೇಖನದ ತಲೆಯ ಮೇಲೆ ಹೇಗೂ ಅಚ್ಚಾಗಿರುತ್ತದೆ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ತಹಸೀಲ ಕಚೇರಿಯ ಫೈಲು ಹೊತ್ತು ತಿರುಗಿ, ಕೊನೆಗೆ ಆಳಂದದಲ್ಲೇ ನಿವೃತ್ತನಾಗಿ ಬೇರು ಬಿಟ್ಟ ಮನುಷ್ಯ. ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ. ರೈಲಿನ ಕಾಯಿಲೆ ಕೈ ಮೀರಿದೆ.

ಈ ಮೂರು ತಾಲೂಕುಗಳಲ್ಲಿ ಇಂಥ ಕಾಯಿಲೆ ಅಂಟಲು ಕಾರಣವೇ ಇಲ್ಲ. ಆಳಂದ ಪಟ್ಟಣಕ್ಕೆ ರೈಲಿಲ್ಲ. ಜೇವರ್ಗಿಗೂ ಇಲ್ಲ. ಅಫಜಲಪುರದವರು ಗಾಣಗಾಪುರ ರೋಡ್ ಸ್ಟೇಷನ್ ತಮ್ಮದೆನ್ನುತ್ತಾರೆ, ಖರೆ. ಆದರೆ ಆ ಹೆಸರಿನಲ್ಲಿರುವ ‘ರೋಡ್’ ಅನ್ನುವುದನ್ನು ಹಗುರಾಗಿ ಎಣಿಸಬಾರದು. ಗಾಡಿಯಿಂದ ಇಳಿದ ಭಕ್ತ ದತ್ತಾತ್ರೇಯನ ಪಾದುಕೆ ಕಾಣಬೇಕಾದರೆ ಇನ್ನೂ ಸುಮಾರು 20 ಕಿ.ಮೀ. ಟಂಟಂನಲ್ಲಿ ಮೊಣಕಾಲು ಮಡಚಿ ಕೂರಬೇಕು. ಬ್ರಿಟಿಷರ ಕಾಲದ ಹಳಿ 1871ರಲ್ಲಿ ರಾಯಚೂರು ಮುಟ್ಟಿದಾಗಿನಿಂದ ಮುಂಬೈ, ಮದ್ರಾಸಿನ ಗಾಡಿಗಳು ಈ ಸೀಮೆಯನ್ನು ಹಾದು ಹೋಗುತ್ತಲೇ ಇವೆ. ಹಾದು ಹೋಗುತ್ತವೆ, ಅಷ್ಟೆ.

ಅಂಟಿದ್ದು ಪುಣೆಯಲ್ಲಿ. ಅಲ್ಲಿನ ಕರ್ವೆ ರಸ್ತೆಯ ಬಳಿ 1998ರಲ್ಲಿ ಶುರುವಾದ ಜೋಶಿಯವರ ಸಣ್ಣ ರೈಲುಗಳ ಮ್ಯೂಸಿಯಮ್ಮಿದೆ. ಮಗಳ ಮನೆಗೆ ಹೋದವನು ಮೊಮ್ಮಗನನ್ನು ಕರೆದುಕೊಂಡು ಒಳಗೆ ಹೊಕ್ಕ. ಮೊಮ್ಮಗ ಅರ್ಧ ಗಂಟೆಗೆ ಬೇಸತ್ತು ಐಸ್‌ಕ್ರೀಮ್ ಕೇಳಿದ. ತಾತನನ್ನು ಹೊರಗೆ ತರಲು ಅಳಿಯ ಬರಬೇಕಾಯಿತು.

ಆಮೇಲಿನದು ಬೇಗ ಹೇಳಿ ಮುಗಿಸಬಹುದು. ‘ಎನ್ ಸ್ಕೇಲ್’ ಎಂಬ ಜಾತಿಯ ಒಂದು ಎಂಜಿನ್ ಮನೆಗೆ ಬಂತು. ನಿಜವಾದ ಎಂಜಿನ್ನಿನ 160ರಲ್ಲಿ ಒಂದು ಪಾಲು ಗಾತ್ರ, ಹಳಿಯ ಅಗಲ 9 ಮಿ.ಮೀ. ಅಮೆರಿಕದ ಆಲ್ಕೊ ಎಂಜಿನ್ನಿನ ಮಾದರಿ ಅದು. ನಮ್ಮ ಡಬ್ಲ್ಯುಡಿಎಂ-2 ಕೂಡ 1962ರಲ್ಲಿ ಆಲ್ಕೊ ಮನೆತನದಿಂದಲೇ ಬಂದದ್ದು, ಆಮೇಲೆ ವಾರಾಣಸಿಯಲ್ಲಿ ತಯಾರಾದದ್ದು. ಸಂಬಂಧಿಕರೇ ತಾನೆ ಎಂದು ಅದಕ್ಕೆ ಕೆಂಪು ಬಣ್ಣ ಬಳಿದು, ಹಳದಿ ಪಟ್ಟಿ ಎಳೆದು ಮನೆತುಂಬಿಸಿಕೊಂಡ. ಭಾರತದ ಬ್ರಾಡ್‌ಗೇಜ್ 1676 ಮಿ.ಮೀ., ಅದನ್ನು 160ರಿಂದ ಭಾಗಿಸಿದರೆ ಹತ್ತೂವರೆ ಬರಬೇಕು, ಒಂಬತ್ತಲ್ಲ, ಎಂದು ಯಾರಾದರೂ ಲೆಕ್ಕ ತೆಗೆದರೆ ಆಸಾಮಿ ಆ ಮನೆಯಲ್ಲಿ ಚಹಾ ಕುಡಿಯುವುದನ್ನು ಬಿಡುತ್ತಾನೆ.

ತಕರಾರು ಶುರುವಾದದ್ದು ದೀಪದಿಂದ. ಎಂಜಿನ್ನಿನ ಹೊಟ್ಟೆಯಲ್ಲಿ ಡಿಕೋಡರ್ ಎಂಬ ಉಗುರಿನಷ್ಟು ಚೂರಿದೆ. ಅದರಿಂದ ಹೊರಟ ನೀಲಿ ವೈರೊಂದು, ಬಿಳಿ ವೈರೊಂದು ಮುಂದಿನ ದೀಪಕ್ಕೆ ಹೋಗುತ್ತವೆ. ದೀಪ ಅಂಟಿರುವುದು ಮೇಲಿನ ಕವಚಕ್ಕೆ. ಎಣ್ಣೆ ಹಾಕಲು ಕವಚ ಎತ್ತಿದರೆ ವೈರು ಕಿತ್ತು ಬರುತ್ತದೆ. ಬೆಸುಗೆ ಹಾಕು, ಎತ್ತು, ಕೀಳು. ಮತ್ತೆ ಬೆಸುಗೆ ಹಾಕು. ನಡುವೆ ಬಿಚ್ಚಿ ಸೇರಿಸುವಂಥದೊಂದು ಕನೆಕ್ಟರ್ ಇದ್ದರೆ ಜನ್ಮ ಸಾರ್ಥಕ. ಎರಡು ಪಿನ್ನು ಸಾಕು, ಆದರೆ ಪಿನ್ನಿನಿಂದ ಪಿನ್ನಿಗೆ 1.25 ಮಿ.ಮೀ.ಗಿಂತ ಹೆಚ್ಚು ಅಂತರ ಇರಕೂಡದು. ಎಂಜಿನ್ನಿನೊಳಗೆ ಖಾಲಿ ಇರುವ ಜಾಗ ಒಂದು ಕಡಲೆಬೇಳೆಯಷ್ಟು.

ಇಂಥವಕ್ಕೆ ಪೇಟೆಯಲ್ಲಿ ಸಾರಾಸಗಟು ಜೆಎಸ್‌ಟಿ ಎನ್ನುತ್ತಾರೆ. ಅದು ಒಂದು ಜಪಾನಿ ಕಂಪನಿಯ ಹೆಸರು. ಆದರೆ ಆ ಹೆಸರಿನಲ್ಲಿ ಮಾರುವ ಎಷ್ಟೋ 1.25ರ ಮಾಲು ಆ ಕಂಪನಿಯ ಜಾತಿಗೇ ಸೇರಿದ್ದಲ್ಲ. ಇದನ್ನೆಲ್ಲ ಓದಿಕೊಂಡು ಆಸಾಮಿ ಆಳಂದದ ಅಂಗಡಿಯೊಂದಕ್ಕೆ ಹೋಗಿ, ‘ಜೆಎಸ್‌ಟಿ ಅದ ಏನ್ರಿ?’ ಎಂದು ಕೇಳಿದ.

ಮಾಲಕರು ಕನ್ನಡಕ ಸರಿಮಾಡಿಕೊಂಡರು. ‘ಬಿಲ್ ಬೇಕಂದ್ರ ಜಿಎಸ್‌ಟಿ ಹತ್ತತದ್ರಿ. ಬಿಲ್ ಬ್ಯಾಡ ಅಂದ್ರ ಇಲ್ಲ. ಮಾಲ್ ಏನು, ಅದು ಹೇಳ್ರಿ ಮೊದಲ.’

ಅಫಜಲಪುರದಲ್ಲಿ ಹೋದದ್ದು ಮೋಟರ್ ರಿವೈಂಡಿಂಗ್ ಅಂಗಡಿಗೆ. ಭೀಮಾ ದಂಡೆಯ ಪಂಪ್‌ಸೆಟ್ಟುಗಳೆಲ್ಲ ಅಲ್ಲಿ ಹೊಟ್ಟೆ ಬಗೆಸಿಕೊಂಡು ಮಲಗಿದ್ದವು. ‘ಎಂಜಿನ್ನಿಗೆ ಸಣ್ಣ ಕನೆಕ್ಟರ್ ಬೇಕು’ ಎಂದಾಗ ಮಿಸ್ತ್ರಿ ಹೆಬ್ಬೆರಳು ದಪ್ಪದ ತಾಮ್ರದ ಲಗ್ಗು ಎತ್ತಿ ತೋರಿಸಿ, ‘ಎಷ್ಟು ಎಚ್‌ಪಿ?’ ಎಂದು ಕೇಳಿದ. ಇಲ್ಲಿ ಸುಮ್ಮನಿರಬೇಕಿತ್ತು. ಆದರೆ ರೈಲಿನ ಹುಚ್ಚರಿಗೆ ಅಂಕಿ ಕೇಳಿದರೆ ಬಾಯಿ ತಡೆಯುವುದಿಲ್ಲ.

‘2600’ ಎಂದುಬಿಟ್ಟ.

ಸುತ್ತಿಗೆಯ ಸದ್ದು ನಿಂತಿತು. ಏಳೂವರೆ ಎಚ್‌ಪಿ ಮೋಟರ್ ತಂದಿದ್ದ ಕಬ್ಬಿನ ರೈತರೊಬ್ಬರು ಎದ್ದು ಕುರ್ಚಿ ಬಿಟ್ಟುಕೊಟ್ಟರು. ಚಹಾ ಬಂತು. ಅದನ್ನು ಕುಡಿದಾದ ಮೇಲೆ ಜೇಬಿನಿಂದ ಗೇಣುದ್ದಕ್ಕಿಂತಲೂ ಗಿಡ್ಡವಾದ ಎಂಜಿನ್ ತೆಗೆದು ಮೇಜಿನ ಮೇಲಿಡುವುದು ಎಂಥ ಸಂಕಟ ಎಂಬುದನ್ನು ಅನುಭವಿಸಿದವರೇ ಬಲ್ಲರು.

ಆನ್‌ಲೈನ್‌ನಲ್ಲೂ ತರಿಸಿದ್ದಾಯಿತು. 1.25 ಎಂದು ಬರೆದಿದ್ದವರು 2.5ರದ್ದು ಕಳಿಸಿದರು. ವಾಪಸ್ ಮಾಡಲು ಫೋನ್ ಹಚ್ಚಿದರೆ, ‘ಸರ್, ಎರಡೂ ಸೇಮ್’ ಎಂದು ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ಸಮಾಧಾನ ಹೇಳಿದಳು. ಇದನ್ನು ಮಾತ್ರ ಆಸಾಮಿ ಇವತ್ತಿಗೂ ಕ್ಷಮಿಸಿಲ್ಲ. ಒಂದು ಸೊನ್ನೆ ಆಚೀಚೆಯಾದರೆ ಮೆಮೊ ಕೊಡುತ್ತಿದ್ದ ಕಚೇರಿಯಲ್ಲಿ ದುಡಿದವನಿಗೆ ದುಪ್ಪಟ್ಟು ಸೇಮ್ ಆಗುವುದು ಹೇಗೆ?

ಕೊನೆಗೆ ಸಿಕ್ಕಿದ್ದು ಜೇವರ್ಗಿಯಲ್ಲಿ, ಟಿವಿ ರಿಪೇರಿಯ ಹಳೇ ಪರಿಚಯಸ್ಥರ ಡಬ್ಬಿಯಲ್ಲಿ. ಕಲಬುರಗಿ ಶರಣಬಸವೇಶ್ವರ ಜಾತ್ರೆಯಲ್ಲಿ ಯಾರೋ ಮಗುವಿಗೆ ಕೊಡಿಸಿ, ಎರಡನೇ ದಿನಕ್ಕೇ ಸತ್ತ ಆಟಿಕೆ ಹೆಲಿಕಾಪ್ಟರ್. ಅದರ ಬ್ಯಾಟರಿಯ ಬಾಲದಲ್ಲಿ ಒಂದು ಗಂಡು, ಬೋರ್ಡಿನ ಅಂಚಿನಲ್ಲಿ ಒಂದು ಹೆಣ್ಣು. 1.25. ಒಂದೇ ಜೋಡಿ. ಹಣ ಬೇಡವೆಂದರು. ಆಸಾಮಿ ಅದನ್ನು ಬೆಂಕಿಪೊಟ್ಟಣದಲ್ಲಿಟ್ಟು, ಬಸ್ಸಿನಲ್ಲಿ ಅಂಗಿಯ ಜೇಬಿಗೆ ಕೈಯೊತ್ತಿ ಹಿಡಿದುಕೊಂಡೇ ಊರು ಮುಟ್ಟಿದ. ಎದೆನೋವೇ ಎಂದು ಇಬ್ಬರು ಕೇಳಿದರು.

ಮರುದಿನ ಮುಂಜಾನೆ ಬಾಗಿಲ ಬೆಳಕಿಗೆ ಕೂತ. ಅದೇ ಬೆಳಕಿಗೆ ಆತನ ಹೆಂಡತಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಗಂಡಿಗೆ ಬೆಸುಗೆಯಾಯಿತು. ಹೆಣ್ಣನ್ನು ಚಿಮಟಿಗೆಯಲ್ಲಿ ಹಿಡಿದು ಎತ್ತಿದ. ತುಸು ಹೆಚ್ಚೇ ಒತ್ತಿದ. ಟಪ್.

ಸದ್ದು ಬಂದದ್ದು ಖರೆ, ಬಿದ್ದದ್ದು ಕಾಣಲಿಲ್ಲ. ಮೊರದಲ್ಲಿ ಮಾಲದಂಡಿ ಬಿಳಿಜೋಳ ಎರಡು ಸೇರು. ಜೋಳದ ಕಾಳಿನ ಅಗಲ ಹೆಚ್ಚುಕಡಿಮೆ 4 ಮಿ.ಮೀ. ಕನೆಕ್ಟರಿನ ಅಗಲವೂ 4 ಮಿ.ಮೀ.ಗೆ ತುಸು ಮೇಲೆ. ಕಾಳಿನ ಬಣ್ಣ ಹಾಲಿಗೆ ಒಂದು ಹನಿ ಚಹಾ ಬಿದ್ದಂತೆ, ಕನೆಕ್ಟರಿನದೂ ಅದೇ. ಈ ಜೋಳದ ತಳಿ ತೆಗೆದ ಮೊಹೋಳದ ಸಂಶೋಧಕರೂ ಕನೆಕ್ಟರ್ ಮಾಡಿದ ಎಂಜಿನಿಯರರೂ ಒಂದೇ ಪಂಕ್ತಿಯಲ್ಲಿ ಕೂತು ಮಾತಾಡಿಕೊಂಡಿದ್ದಂತೆ ಕಂಡಿತು.

‘ಅಲ್ಲಾಡಬ್ಯಾಡ!’ ಎಂದು ಕೂಗಿದ. ಆಕೆ ಮೊರ ಹಿಡಿದ ಭಂಗಿಯಲ್ಲೇ ಕಲ್ಲಾದಳು. ‘ಹಾವೇನ್ರೀ?’

ಹಾವಾಗಿದ್ದರೆ ಚಲೋ ಇತ್ತು. ಹಾವು ಕಾಣುತ್ತದೆ.

ಹಾಸಿಗೆಯ ಮೇಲೆ ಕರೀ ಕಂಬಳಿ ಹಾಸಿ, ಒಂದೊಂದು ಹಿಡಿ ಸುರಿದು, ಕಾಳು ಕಾಳು ಸರಿಸುವ ಕೆಲಸ ಶುರುವಾಯಿತು. ಆಸಾಮಿ ಭೂತಗನ್ನಡಿ ಹಿಡಿದ. ಆಕೆ ಬೆರಳಲ್ಲೇ ನೋಡಿದಳು. ಪಕ್ಕದ ಮನೆಯ ಕಾಕಾ ಬಂದು ಅಯಸ್ಕಾಂತ ಆಡಿಸಲು ಹೇಳಿದರು. ಹಳೇ ಸ್ಪೀಕರ್ ಒಡೆದು ಅಯಸ್ಕಾಂತ ತೆಗೆದದ್ದಾಯಿತು. ಅದಕ್ಕೆ ಒಂದು ಮೊಳೆಯ ಚೂರು ಹತ್ತಿಕೊಂಡಿತು. ಕನೆಕ್ಟರಿನ ಒಳಗಿನ ಹಲ್ಲು ಮಾಡಿರುವುದು ತಾಮ್ರ, ತವರ ಬೆರೆತ ಕಂಚಿನಿಂದ, ಅದಕ್ಕೆ ಅಯಸ್ಕಾಂತದ ಹಂಗಿಲ್ಲ ಎಂಬುದು ಸ್ಪೀಕರ್ ಒಡೆದ ಮೇಲೆ ನೆನಪಾಯಿತು. ನೀರಿಗೆ ಹಾಕೋಣವೆಂದರೆ ನೈಲಾನೂ ಮುಳುಗುತ್ತದೆ, ಜೋಳವೂ ಮುಳುಗುತ್ತದೆ. ‘ಕೋಳಿ ಬಿಡ್ರಿ. ಜ್ವಾಳ ತಿಂದು ಮುಗಸ್ತಾವ, ಉಳದದ್ದು ನಿಮ್ಮದು’ ಎಂದರು ಕಾಕಾ. ಆಸಾಮಿ ಒಂದು ಕ್ಷಣ ನಿಜವಾಗಿಯೂ ಯೋಚಿಸಿದ. ‘ಕೋಳಿ ಹಳ್ಳೂ ನುಂಗತಾವ’ ಎಂದು ಹೆಂಡತಿ ತಲೆ ಎತ್ತದೆ ಹೇಳಿದಳು.

ಮಧ್ಯಾಹ್ನದ ಹೊತ್ತಿಗೆ ಲೆಕ್ಕ ಹೀಗಿತ್ತು: ಹಳ್ಳು 11, ದಾರದ ಎಳೆ 2, ಮೊಳೆಯ ಚೂರು 1, ಹುಳ 3, ಕನೆಕ್ಟರ್ ಇಲ್ಲ. ಮದುವೆಯಾದಾಗಿನಿಂದ ಇಷ್ಟು ಹಸನಾದ ಜ್ವಾಳ ನಮ್ಮ ಮನಿಯಿಂದ ಗಿರಣಿಗಿ ಹೋಗಿಲ್ಲ ಎಂದು ಆಕೆ ಸಂತೋಷದಿಂದಲೇ ಹೇಳಿದಳು.

ಸಂಜೆ ಆಸಾಮಿ ಮುಖ ಇಳಿಬಿಟ್ಟು ಬಸ್‌ಸ್ಟ್ಯಾಂಡಿನ ಬಳಿಯ ಮೊಬೈಲ್ ರಿಪೇರಿ ಹುಡುಗನ ಹತ್ತಿರ ಹೋದ. ಅವನ ಮೇಜಿನ ಮೇಲೆ ಸೂಕ್ಷ್ಮದರ್ಶಕವಿತ್ತು. ಫೋನಿನ ಕನೆಕ್ಟರಿನಲ್ಲಿ ಅರ್ಧ ಮಿ.ಮೀ. ಕೂಡ ಅಂತರವಿಲ್ಲದ ಪಿನ್ನುಗಳನ್ನು ಅವನು ದಿನವೂ ಬೆಸೆಯುತ್ತಾನೆ. ಎಂಜಿನ್ನನ್ನು ತಿರುಗಿಸಿ ನೋಡಿ, ‘ಕನೆಕ್ಟರ್ ಯಾಕ್ರಿ ಸರ್? ವೈರ್ ಎರಡು ಇಂಚು ಉದ್ದ ಬಿಟ್ಟು ಒಳಗ ಸುತ್ತಿಡ್ರಿ. ಕವರ್ ಎತ್ತಿದ್ರೂ ಹರಿಯಂಗಿಲ್ಲ’ ಎಂದ. ನಾಲ್ಕು ನಿಮಿಷದಲ್ಲಿ ಮಾಡಿಯೂ ಕೊಟ್ಟ. ದೀಪ ಹತ್ತಿತು. ಮೂರು ತಾಲೂಕು ತಿರುಗಿದ್ದನ್ನು ಆಸಾಮಿ ಅವನಿಗೆ ಹೇಳಲಿಲ್ಲ.

ಇನ್ನು ಮುಂದೆ ಕೆಟ್ಟರೆ ಇಲ್ಲಿಗೇ ತರುತ್ತೇನೆಂದಾಗ ಹುಡುಗ ತಲೆಯಾಡಿಸಿದ. ‘ಬರೋ ತಿಂಗಳ ಪುಣಾಕ್ಕ ಹೊಂಟೀನ್ರಿ. ಅಣ್ಣ ಅಲ್ಲೇ ಅದಾನ. ನಮ್ಮ ಓಣಿಯವರು ಎಲ್ಲಾ ಅಲ್ಲೇ ಅದಾರ.’ ಕಲಬುರಗಿ ಸ್ಟೇಷನ್ನಿನಲ್ಲಿ ಜನರಲ್ ಬೋಗಿಯ ಬಾಗಿಲಿಗೆ ಗಂಟು ಮೂಟೆ ನೂಕುವ ನಮ್ಮ ಮೂರೂ ತಾಲೂಕುಗಳ ಮಂದಿಯನ್ನು ಆಸಾಮಿ ಎಷ್ಟೋ ಸಲ ಕಂಡಿದ್ದ, ಎಂಜಿನ್ ನಂಬರ್ ಬರೆದುಕೊಳ್ಳುವ ಗಡಿಬಿಡಿಯಲ್ಲಿ. ಹುಡುಗ ಪುಟ್ಟ ಎಂಜಿನ್ನನ್ನು ಅಂಗೈ ಮೇಲೆ ಉರುಳಿಸುತ್ತ, ‘ಇದಕ್ಕ ಡಬ್ಬಿ ಇಲ್ಲೇನ್ರಿ?’ ಎಂದು ಕೇಳಿದ. ಇರಲಿಲ್ಲ. ಡಬ್ಬಿಗೆಂದು ಇಟ್ಟ ದುಡ್ಡು ಬಸ್ಸಿನ ಟಿಕೇಟಿಗೆ ಹೋಗಿತ್ತು.

ಜೋಳ ಗಿರಣಿಗೆ ಹೋಗಿ ಹಿಟ್ಟಾಗಿ ಬಂತು. ಎಂಟು ದಿನ ಮನೆಮಂದಿಯೆಲ್ಲ ರೊಟ್ಟಿಯನ್ನು ಡಾಕ್ಟರರ ಹಾಗೆ ಬೆಳಕಿಗೆ ಹಿಡಿದು ನೋಡಿ ತಿಂದರು. ಒಂಬತ್ತನೆಯ ದಿನ ಎಣಗಾಯಿ ಪಲ್ಯದ ನಡುವೆ ಆಸಾಮಿಯ ಬಾಯಲ್ಲಿ ಕಟಕ್ ಎಂದಿತು. ಎಲ್ಲರ ಕೈ ನಿಂತವು. ಆತ ಅದನ್ನು ಅಂಗೈಗೆ ತೆಗೆದು, ತೊಳೆದು, ಭೂತಗನ್ನಡಿ ತರಿಸಿ, ತಿರುವಿ ತಿರುವಿ ನೋಡಿದ.

ಹನ್ನೆರಡನೆಯ ಹಳ್ಳು.

‘ಇದಕ್ಕೂ ವೈರ್ ಹಚ್ಚತೀರೇನು?’ ಎಂದು ಕೇಳಿ ಆಕೆ ಇನ್ನೊಂದು ರೊಟ್ಟಿ ಹಾಕಿದಳು.