ಋಣಸಂಧಿ ಪ್ರಕರಣಂ

1. ಪೀಠಿಕೆ

ಇಂಗ್ಲಿಷಿನಲ್ಲಿ ‘ವೇವರ್’ ಮತ್ತು ‘ರೈಟ್ ಆಫ್’ ಎಂಬ ಎರಡು ಪದಗಳಿವೆ. ಕನ್ನಡಿಗರು ಎರಡನ್ನೂ ‘ಮನ್ನಾ’ ಎಂದು ಕರೆದು ಘೋರ ಪರಿಭಾಷಾಸಾಂಕರ್ಯ ಎಸಗುತ್ತಿದ್ದಾರೆಂದು ಟೀವಿಯ ಕೋಟುಧಾರಿ ಪಂಡಿತರು ರಾತ್ರಿ ಒಂಬತ್ತರ ಚರ್ಚೆಗಳಲ್ಲಿ ಗದರುತ್ತಿರುತ್ತಾರೆ. ಸದರಿ ಸಾಂಕರ್ಯದ ನಿವಾರಣಾರ್ಥ ಈ ಪ್ರಬಂಧ.

2. ವರ್ಗೀಕರಣ

(ಅ) ಲೋಪಸಂಧಿ: ಇದು ರೈಟ್ ಆಫ್. ಲೋಪವೆಂದರೆ ನಾಶವಲ್ಲ, ಕಾಣದಿರುವಿಕೆ ಎಂಬುದು ಪಾಣಿನಿಯ ಮತ. ನಾಲ್ಕು ವರ್ಷ ವಸೂಲಾಗದ ಸಾಲಕ್ಕೆ ಬ್ಯಾಂಕು ತನ್ನ ಲಾಭದಿಂದ ಪೂರ್ತಿ ಹಣ ತೆಗೆದಿಟ್ಟು, ಅದನ್ನು ಲೆಕ್ಕದ ಪುಸ್ತಕದಿಂದ ಮರೆಮಾಡುತ್ತದೆ. ವಸೂಲಿಯ ಹಕ್ಕು ಹಿಂದಿನಂತೆ ಉಳಿದಿರುತ್ತದೆ. ಲೋಪವಾಗುವುದು ಸಾಲಗಾರನ ಹೆಸರು. ರಿಸರ್ವ್ ಬ್ಯಾಂಕ್ ಕಾಯ್ದೆಯ 45-ಇ ಕಲಮು ಅದನ್ನು ಗುಟ್ಟಾಗಿಡುತ್ತದೆ.

(ಆ) ಆದೇಶಸಂಧಿ: ಇದು ವೇವರ್. ಸರ್ಕಾರಿ ಆದೇಶದಿಂದ ಸಾಲ ಸಾಯುತ್ತದೆ. ಇಲ್ಲಿ ಹೆಸರು ಲೋಪವಾಗದು. 2008ರ ಕೇಂದ್ರದ ಯೋಜನೆಯಲ್ಲಿ ಫಲಾನುಭವಿ ರೈತರ ಪಟ್ಟಿಯನ್ನು ಶಾಖೆಯ ನೋಟಿಸ್ ಬೋರ್ಡಿಗೆ ಹಚ್ಚಬೇಕೆಂಬುದೇ ನಿಯಮವಾಗಿತ್ತು.

(ಇ) ಆಗಮಸಂಧಿ: ವಸೂಲಿಯವರ ಜೀಪು ಮನೆ ಮುಂದೆ ಬಂದು ನಿಲ್ಲುವುದು.

(ಈ) ಸಾಕು, ಬಿಡಿ.

3. ಉದಾಹರಣೆ

2018ರಲ್ಲಿ ರಾಜ್ಯ ಸರ್ಕಾರ ಬೆಳೆಸಾಲ ಮನ್ನಾ ಮಾಡಿದಾಗ ನಮ್ಮ ಚಿಕ್ಕಪ್ಪ ಆಧಾರ್, ಪಡಿತರ ಚೀಟಿ, ಪಹಣಿ ಹಿಡಿದು ಬ್ಯಾಂಕಿನ ಮುಂದೆ ಸಾಲುಗಟ್ಟಿದರು. ಸಾಲ ಹೋಯಿತು. ಬೇಬಾಕಿ ಪತ್ರ ಕೇಳಿದರೆ, ಹಳ್ಳಿಯ ಬಾಗಿಲುಗಳ ಮೇಲೆ ದೆವ್ವಕ್ಕೆಂದು ಬರೆಯುತ್ತಿದ್ದ ಮಾತನ್ನೇ ಕೌಂಟರಿನ ಹುಡುಗ ಅವರಿಗೆ ಹೇಳಿದ: ನಾಳೆ ಬಾ. ಅಪ್ಪನ ವಯಸ್ಸಿನವರಿಗೆ, ಏಕವಚನದಲ್ಲಿ.

4. ಉಪಸಂಹಾರ

ಪಂಡಿತರೇ, ವ್ಯತ್ಯಾಸ ನನಗೂ ಗೊತ್ತು. 2014-15ರಿಂದ ಒಂಬತ್ತು ವರ್ಷಗಳಲ್ಲಿ ವಾಣಿಜ್ಯ ಬ್ಯಾಂಕುಗಳು ರೈಟ್ ಆಫ್ ಮಾಡಿದ್ದು 14.56 ಲಕ್ಷ ಕೋಟಿ ರೂಪಾಯಿ, ಅದರಲ್ಲಿ ಸುಮಾರು ಅರ್ಧ ದೊಡ್ಡ ಉದ್ಯಮಗಳದ್ದು ಎಂದು 2023ರಲ್ಲಿ ಸರ್ಕಾರವೇ ಲೋಕಸಭೆಗೆ ತಿಳಿಸಿತು. ಹಾಗೆ ಮರೆಯಾದ ಸಾಲಗಳಿಂದ ಆ ಅವಧಿಯಲ್ಲಿ ವಾಪಸು ಬಂದದ್ದು 2.04 ಲಕ್ಷ ಕೋಟಿ. ಉಳಿದದ್ದಕ್ಕೆ ನೀವು ‘ಹಕ್ಕು’ ಎನ್ನುತ್ತೀರಿ. ಆ ಹಕ್ಕನ್ನು ಯಾವ ಬೋರ್ಡಿಗೂ ಯಾರೂ ಅಂಟಿಸಿಲ್ಲ. ಆ ಸಾಲಗಾರರಿಗೆ ‘ನಾಳೆ ಬಾ’ ಎಂದವರೂ ಇಲ್ಲ.

ಚಿಕ್ಕಪ್ಪನ ಪಹಣಿಯ ಋಣದ ಕಾಲಮ್ಮಿನಲ್ಲಿ ಬ್ಯಾಂಕಿನ ಹೆಸರು ಇಂದಿಗೂ ಕೂತಿದೆ. ಸತ್ತ ಸಾಲ ಊರಿಗೆಲ್ಲ ಕಾಣುತ್ತದೆ, ಬದುಕಿರುವ ಸಾಲ ಯಾರ ಕಣ್ಣಿಗೂ ಬೀಳುವುದಿಲ್ಲ. ಇದು ಯಾವ ಸಂಧಿಯೋ ವೈಯಾಕರಣರು ಹೇಳಲಿ. ಚಿಕ್ಕಪ್ಪ ಮಾತ್ರ ಇವೆರಡು ಪದಗಳ ನಡುವಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದಾರೆ.