ಗೃಹವಿಕ್ರಯ ಮೀಮಾಂಸೆ: ಕೊಂಗುನಾಡು ಪಾಠ

ಮನೆ ಕಟ್ಟಲು ವಾಸ್ತುಶಾಸ್ತ್ರವಿದೆ, ಒಕ್ಕಲಾಗಲು ಮುಹೂರ್ತವಿದೆ, ಒಳಗಿದ್ದು ಅಣ್ಣತಮ್ಮಂದಿರು ಜಗಳವಾಡಲು ಸಿವಿಲ್ ಕೋರ್ಟಿದೆ. ಮಾರುವುದಕ್ಕೆ ಮಾತ್ರ ಋಷಿಗಳು ಒಂದು ಸೂತ್ರವನ್ನೂ ಬಿಟ್ಟುಹೋಗಲಿಲ್ಲ. ಆ ಕೊರತೆ ನೀಗಲೆಂದು ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ದಲ್ಲಾಳಿ ಪರಂಪರೆಯ ಜ್ಞಾನವನ್ನು ಇಲ್ಲಿ ಕ್ರೋಡೀಕರಿಸಲಾಗಿದೆ.

ಶಾಸ್ತ್ರವೆಂದ ಮೇಲೆ ಅನುಬಂಧ ಚತುಷ್ಟಯ ಬೇಕಲ್ಲ? ವಿಷಯ: ಮನೆ. ಅಧಿಕಾರಿ: ಮಾರದೆ ಗತಿಯಿಲ್ಲದವನು. ಪ್ರಯೋಜನ: ಮಗನ ಫ್ಲ್ಯಾಟಿಗೆ ಅಡ್ವಾನ್ಸ್. ಸಂಬಂಧ: ಎರಡೂ ಕಡೆ ಕಮಿಷನ್ ತೆಗೆದುಕೊಳ್ಳುವ ದಲ್ಲಾಳಿ.

ದೃಷ್ಟಾಂತಕ್ಕೆ ಕೊಯಮತ್ತೂರಿನ ನೇಕಾರ ಬೀದಿಯ ಒಂದು ದೇವಾಂಗರ ಮನೆಯನ್ನು ಕಲ್ಪಿಸಿಕೊಳ್ಳೋಣ. ತಲೆಮಾರುಗಳ ಹಿಂದೆ ಕನ್ನಡ ಸೀಮೆಯಿಂದ ಬಂದು ಇಲ್ಲಿ ಮಗ್ಗ ಹೂಡಿದ ಈ ಜನ ಇಂದಿಗೂ ಮನೆಯೊಳಗೆ ಕನ್ನಡವನ್ನೇ ಆಡುತ್ತಾರೆ. ಕ್ರಯಪತ್ರ ಮಾತ್ರ ತಮಿಳಿನಲ್ಲಿರುತ್ತದೆ. ಜಾಗ ಎರಡೂವರೆ ಸೆಂಟು, ಅಂದರೆ 1,089 ಚದರಡಿ. ಸೀರೆಯಷ್ಟು ಉದ್ದ, ಸೆರಗಿನಷ್ಟು ಅಗಲ. ಮುಂದಿನ ಕೋಣೆಯ ನಡುವೆ ಕುಣಿ ಮಗ್ಗದ ಕುಣಿ. ನೆಲದಂಚಿಗೆ ಕೂತು, ಕಾಲು ಇಳಿಬಿಟ್ಟು, ಮೂರು ತಲೆಮಾರು ತುಳಿದ ಹಳ್ಳ ಅದು. ಮಗ ಪಂಪ್ ಕಾರ್ಖಾನೆಗೆ ಸೇರಿದ, ಮಗ್ಗ ಬಿಚ್ಚಿ ಅಟ್ಟಕ್ಕೆ ಹೋಯಿತು, ಕುಣಿ ಉಳಿಯಿತು.

ಮೊದಲ ಸೂತ್ರ: ಮುಚ್ಚುವುದೇ ಅಲಂಕಾರ. ಹಾಗಾಗಿ ಮಣ್ಣು ತರಿಸಿ, ನೀರು ಹಾಕಿ ದಮ್ಮಸ್ಸು ಮಾಡಿ, ಮೇಲೆ ಹೊಳೆಯುವ ಟೈಲ್ಸ್ ಹಾಕಿಸಿದರು. ಬಂದ ಗಿರಾಕಿಗೆ ಏನೂ ಕಾಣಲಿಲ್ಲ. ಆದರೆ ಕಾಫಿ ತಂದ ಅಜ್ಜಿ ಖಾಲಿ ಹಾಲಿನ ನಡುವೆ ನೇರ ಬಾರದೆ ಗೋಡೆಯುದ್ದಕ್ಕೂ ಬಳಸಿಕೊಂಡು ಬಂದಳು. ಸ್ವಲ್ಪ ಹೊತ್ತಿಗೆ ಮೊಮ್ಮಗುವೂ ಹಾಗೇ ಬಳಸಿ ಓಡಿತು. ಗಿರಾಕಿ ಎದ್ದು ಬಂದು, ಕುಕ್ಕುರುಗಾಲಲ್ಲಿ ಕೂತು ಬೆರಳ ಗೆಣ್ಣಿನಿಂದ ಟೈಲ್ಸ್ ತಟ್ಟಿದ. ಟೊಳ್ಳು ಸದ್ದು. ಸಾಕ್ಷಿಯಿಲ್ಲದೆ ಸತ್ಯ ಸಿದ್ಧಿಸುವ ಈ ಪ್ರಮಾಣಕ್ಕೆ ನೈಯಾಯಿಕರು ಇನ್ನೂ ಹೆಸರಿಟ್ಟಿಲ್ಲ.

ಪೇಂಟಿನ ತರ್ಕ ಇದಕ್ಕಿಂತ ಸುಲಭ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ. ಎಲ್ಲಿ ಹೊಸ ಪೇಂಟೋ ಅಲ್ಲಿ ಹಳೆ ತೇವ. ಆದ್ದರಿಂದ ಒಂದೇ ಗೋಡೆಗೆ ಬಳಿಸುವವನು ಮೂರ್ಖ. ನಾಲ್ಕಕ್ಕೂ ಬಳಿಸಿದರೆ ಹೋಲಿಸಲು ಬೇರೆ ಗೋಡೆಯೇ ಉಳಿಯದೆ ಅನುಮಾನ ಕೆಡುತ್ತದೆ.

ನೀರಿನ ಅಧ್ಯಾಯದಲ್ಲಿ ಎರಡು ಶಾಖೆಗಳಿವೆ. ಕೊಯಮತ್ತೂರು ಶಾಖೆಯವರಿಗೆ 'ಸಿರುವಾಣಿ ನೀರು' ಎಂಬ ಎರಡೇ ಪದ ಮಂತ್ರ. ಅಣೆಕಟ್ಟು ಇರುವುದು ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಾದರೂ ಅದರ ರುಚಿಯ ಮೇಲೆ ಪೇಟೆಂಟು ಕೊಯಮತ್ತೂರಿನವರದು. ತಿರುಪ್ಪೂರು ಶಾಖೆಯವರು ಮಾತು ನಂಬುವುದಿಲ್ಲ. ಬೋರಿನ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡುತ್ತಾರೆ. ಬನಿಯನ್ನಿಗೆ ಹಾಕಿದ ಬಣ್ಣ ನೊಯ್ಯಲ್ ನದಿಗೂ ಇಳಿದು, 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಡೈಯಿಂಗ್ ಘಟಕಗಳನ್ನು ಮುಚ್ಚಲು ಆದೇಶಿಸಿದ ಊರಲ್ಲವೇ, ಅಭ್ಯಾಸ ಬಿಡುವುದಿಲ್ಲ.

ಇನ್ನು ಕಾಗದ. ಕರ್ನಾಟಕದಲ್ಲಿ ಋಣಭಾರ ಪತ್ರ ಎನ್ನುವುದನ್ನು ತಮಿಳುನಾಡಿನಲ್ಲಿ 'ವಿಲ್ಲಂಗ' ಸರ್ಟಿಫಿಕೇಟ್ ಎನ್ನುತ್ತಾರೆ. ವಿಲ್ಲಂಗವೆಂದರೆ ಆಡುಮಾತಿನಲ್ಲಿ ತಂಟೆ. ತಂಟೆಯಿಲ್ಲ ಎಂದು ತೋರಿಸಲು ತಂಟೆಯ ಹೆಸರಿನ ಕಾಗದವನ್ನೇ ತರಬೇಕು.

ಬೆಲೆ ನಿರ್ಣಯವೇ ಶಾಸ್ತ್ರದ ಹೃದಯ. ಗೈಡ್‌ಲೈನ್ ವ್ಯಾಲ್ಯೂ ಎಂಬುದು ಸರ್ಕಾರದ ಮಾಯೆ. 2017ರ ಜೂನಿನಲ್ಲಿ ಅದನ್ನು ಶೇ. 33ರಷ್ಟು ಇಳಿಸಿ, ನೋಂದಣಿ ಶುಲ್ಕವನ್ನು ಶೇ. 1ರಿಂದ 4ಕ್ಕೆ ಏರಿಸಿದರು. 2023ರ ಏಪ್ರಿಲಿನಲ್ಲಿ ವ್ಯಾಲ್ಯೂವನ್ನು ಮತ್ತೆ ಏರಿಸಿ, ಶುಲ್ಕವನ್ನು 2ಕ್ಕೆ ಇಳಿಸಿದರು. ಮುದ್ರಾಂಕದ ಶೇ. 7 ಸೇರಿ ಕೊಳ್ಳುವವನ ತಲೆಗೆ ಒಂಬತ್ತು. ಇಷ್ಟೆಲ್ಲ ನಡೆದಾಗಲೂ ಮನೆ ನಿಂತಲ್ಲೇ ನಿಂತಿತ್ತು.

ದಲ್ಲಾಳಿಗಳು ಈ ವಿಷಯದಲ್ಲಿ ದ್ವೈತಿಗಳು: ಬಿಳಿ, ಕಪ್ಪು ಎಂದು ಎರಡು ಸತ್ಯ. ಸ್ಥಿರಾಸ್ತಿಗೆ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ ಎಂದು 2015ರ ಜೂನ್ 1ರಿಂದ ಆದಾಯ ತೆರಿಗೆ ಕಾನೂನು ಅದ್ವೈತ ಸಾರುತ್ತಿದೆ. ವಾದ ಇನ್ನೂ ಮುಗಿದಿಲ್ಲ. ಅದೇ ಕಾನೂನು ತಾತನ ಕಾಲದ ಮನೆಗೆ 2001ರ ಏಪ್ರಿಲ್ 1ರಂದು ಏನು ಬೆಲೆಯಿತ್ತು ಎಂದೂ ಕೇಳುತ್ತದೆ. ಅಂದು ಆ ಮನೆಯಲ್ಲಿ ಮಗ್ಗ ಸದ್ದು ಮಾಡುತ್ತಿತ್ತು ಎಂಬುದೊಂದೇ ಯಜಮಾನರಿಗೆ ನೆನಪು. ಆ ಸದ್ದಿಗೆ ಲೆಕ್ಕಪರಿಶೋಧಕರ ಫಾರಮ್ಮಿನಲ್ಲಿ ಕಾಲಮ್ ಇಲ್ಲ.

ಚೌಕಾಶಿಯ ವಿಧಾನ ಬಂದದ್ದು ದನದ ಜಾತ್ರೆಯಿಂದ. ತಿರುಪ್ಪೂರು ಜಿಲ್ಲೆಯ ಕನ್ನಪುರದ ಮಾರಿಯಮ್ಮನ ಜಾತ್ರೆ ಕಾಂಗೇಯಂ ಎತ್ತುಗಳಿಗೆ ಹೆಸರುವಾಸಿ. ದನದ ವ್ಯಾಪಾರದ ಹಳೇ ರಿವಾಜಿನಲ್ಲಿ ಬೆಲೆ ಬಾಯಿಂದ ಹೊರಡದು. ಟವೆಲಿನ ಕೆಳಗೆ ಬೆರಳಿಂದ ಬೆರಳಿಗೆ ಹೋಗುತ್ತದೆ. ಮನೆಯ ದಲ್ಲಾಳಿ ಟವೆಲ್ ಬಿಟ್ಟು ಫೋನ್ ಹಿಡಿದಿದ್ದಾನೆ. ಗುಟ್ಟಿನ ಮಾತು ಬಂದರೆ ಬೀದಿ ಕೊನೆಯವರೆಗೂ ನಡೆದುಹೋಗುತ್ತಾನೆ. ವ್ಯತ್ಯಾಸವೊಂದೇ: ಎತ್ತಿನ ಹಲ್ಲು ನೋಡಿ ವಯಸ್ಸು ಹೇಳಬಹುದು.

ಕಾಲ ನಿರ್ಣಯ ಚಿಕ್ಕದು. ಆಡಿ ಮಾಸದಲ್ಲಿ ಯಾರೂ ಕೊಳ್ಳುವುದಿಲ್ಲ. ಆಡಿ ಹದಿನೆಂಟರಂದು ಮಾತ್ರ ಎಲ್ಲರೂ ಕೊಳ್ಳುತ್ತಾರೆ. ಅಂಥ ಶುಭದಿನಗಳಿಗೆಂದು ನೋಂದಣಿ ಇಲಾಖೆಯೇ ಹೆಚ್ಚುವರಿ ಟೋಕನ್ ಕೊಡುತ್ತದೆ. ಪಂಚಾಂಗಕ್ಕೆ ಇದಕ್ಕಿಂತ ದೊಡ್ಡ ರಾಜಮುದ್ರೆ ಬೇಕೇ?

ನಮ್ಮ ದೃಷ್ಟಾಂತದ ಮನೆಗೂ ಆ ದಿನವೇ ಗೊತ್ತಾಯಿತು. ಅಡ್ವಾನ್ಸ್ ಎಣಿಸುವ ಮುನ್ನ ಗಿರಾಕಿ ಟೈಲ್ಸಿನ ಕಡೆ ಕೈ ತೋರಿಸಿ, "ಆ ಕುಣಿ ಎಷ್ಟು ಆಳ ಇತ್ತಣ್ಣ?" ಎಂದು ಕೇಳಿದ. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಯಜಮಾನರು ಸೊಂಟದ ಹತ್ತಿರ ಅಂಗೈ ಹಿಡಿದು ತೋರಿಸಿದರು.

"ಅಯ್ಯೋ, ಹಾಗೇ ಬಿಟ್ಟಿದ್ರೆ ಸಿರುವಾಣಿ ನೀರಿಗೆ ಸಂಪ್ ಆಗ್ತಿತ್ತಲ್ಲಣ್ಣ!" ಎಂದು ಅವನು ಹಲುಬಿದ. ಮತ್ತೆ ಅಗೆಯುವ ಕೂಲಿಯನ್ನು ಬೆಲೆಯಲ್ಲಿ ಮುರಿದುಕೊಂಡ.